ಡಾಕ್ಟರ ಚೀಟಿ: ಮೊಬೈಲ್ ಓದಿದ್ದನ್ನು ಎಷ್ಟು ನಂಬಬಹುದು?



ಊರಿನಲ್ಲಿ ಅಮ್ಮನನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದ ತಮ್ಮ, ಚೀಟಿಯ ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿರುತ್ತಾನೆ. ನೀವು ಠಾಣೆಯಲ್ಲೋ ಪಿಂಪ್ರಿಯಲ್ಲೋ ಸಿಕಂದರಾಬಾದಿನಲ್ಲೋ ಕುಳಿತು ಅದನ್ನು ಹಿಗ್ಗಿಸಿ, ತಿರುಗಿಸಿ ನೋಡುತ್ತೀರಿ. ಬರೀ ಕಾಗೆ ಕಾಲು, ಗುಬ್ಬಿ ಕಾಲು. ಮೊದಲೆಲ್ಲ ಇಂಥ ಹೊತ್ತಿನಲ್ಲಿ ನಮ್ಮ ಬಂಧುಗಳಲ್ಲಿ ನರ್ಸಿಂಗ್ ಓದಿದವರು ಯಾರಿದ್ದಾರೆ ಎಂದು ಹುಡುಕುತ್ತಿದ್ದೆವು. ಈಗ ಅದೇ ಫೋಟೋವನ್ನು ಮೊಬೈಲಿನ ಎಐ ಆ್ಯಪಿಗೆ ಕೊಟ್ಟರೆ ಅರೆ ನಿಮಿಷದಲ್ಲಿ ಮಾತ್ರೆಯ ಹೆಸರು, ಎಷ್ಟು ಎಂ.ಜಿ., ಯಾವಾಗ ತೆಗೆದುಕೊಳ್ಳಬೇಕು, ಯಾವ ಕಾಯಿಲೆಗೆ, ಎಲ್ಲವೂ ಅಚ್ಚುಕಟ್ಟಾದ ಪಟ್ಟಿಯಾಗಿ ಬರುತ್ತದೆ. ಕನ್ನಡದಲ್ಲಿ ಬೇಕೆಂದರೆ ಕನ್ನಡದಲ್ಲೇ.

ಇದನ್ನು ನಂಬಿ ಅಮ್ಮನಿಗೆ ಮಾತ್ರೆ ಕೊಡಬಹುದೇ?

ಸುತ್ತಿ ಬಳಸದೆ ಹೇಳುತ್ತೇನೆ. ಸ್ಪಷ್ಟವಾಗಿ ಬರೆದ ಚೀಟಿಯನ್ನು ಮೊಬೈಲ್ ಚೆನ್ನಾಗಿಯೇ ಓದುತ್ತದೆ. ಆದರೆ ಅಂಥ ಚೀಟಿಯನ್ನು ನೀವೂ ಓದಬಲ್ಲಿರಿ. ನಿಮಗೆ ಸಹಾಯ ಬೇಕಾಗುವುದು ಓದಲಾಗದ ಚೀಟಿಗೆ. ಅಲ್ಲಿ ಅದು ಕೈಕೊಡುವ ಸಂಭವ ಹೆಚ್ಚು, ಮತ್ತು ಕೈಕೊಟ್ಟಾಗ ಅದು ನಿಮಗೆ ಗೊತ್ತೇ ಆಗುವುದಿಲ್ಲ. ತಪ್ಪು ಹೆಸರೂ ಸರಿಯಾದ ಹೆಸರಿನಷ್ಟೇ ಅಂದವಾಗಿ ಟೈಪಾಗಿ ಬಂದಿರುತ್ತದೆ.

*ಮೆಡಿಕಲ್ ಶಾಪಿನವರು ಹೇಗೆ ಓದುತ್ತಾರೆ?*

ಅವರಿಗೆ ವಿಶೇಷ ಕಣ್ಣಿದೆ ಎಂದು ನಾವು ತಮಾಷೆ ಮಾಡುತ್ತೇವೆ. ನಿಜ ಹೇಳಬೇಕೆಂದರೆ ಅವರು ಅಕ್ಷರ ಓದುವುದು ಕಡಿಮೆ, ಊಹಿಸುವುದು ಹೆಚ್ಚು. ಆದರೆ ಆ ಊಹೆಗೆ ಆಧಾರಗಳು ಬಹಳ. ಚೀಟಿಯ ತಲೆಯ ಮೇಲೆ ಅಚ್ಚಾಗಿರುವ ಡಿಗ್ರಿ ನೋಡಿದ ಕೂಡಲೇ ಇದು ಹೃದಯದ ಡಾಕ್ಟರದೋ ಚರ್ಮದ ಡಾಕ್ಟರದೋ ತಿಳಿಯುತ್ತದೆ. ರೋಗಿಯ ವಯಸ್ಸು ಅಲ್ಲೇ ಇದೆ. ಐದು ದಿನಕ್ಕೆ ಬರೆದಿದ್ದರೆ ಸೋಂಕಿನ ಔಷಧಿ ಇರಬಹುದು, ಒಂದು ತಿಂಗಳಿಗೆ ಬರೆದಿದ್ದರೆ ಬಿಪಿಯದೋ ಶುಗರಿನದೋ ಇರಬಹುದು. ಮೇಲಿನ ಸಾಲಿನಲ್ಲಿ ನೋವಿನ ಮಾತ್ರೆ ಇದ್ದರೆ ಕೆಳಗಿನ ಸಾಲಿನಲ್ಲಿ ಹೊಟ್ಟೆ ಉರಿ ತಡೆಯುವ ಮಾತ್ರೆ ಇರುವುದು ವಾಡಿಕೆ. ಇಂಥ ಮಾತ್ರೆ ಎಷ್ಟು ಎಂ.ಜಿ.ಯಲ್ಲಿ ಬರುತ್ತದೆ ಎಂಬುದು ಕೈಗೇ ಗೊತ್ತು, ಏಕೆಂದರೆ ದಿನವೂ ಕಪಾಟಿನಿಂದ ತೆಗೆಯುವುದು ಅವರೇ.

ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಯಾವ ಕಂಪನಿಯ ಯಾವ ಮಾತ್ರೆ ಬರೆಯುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಗೆರೆ ಸ್ವಲ್ಪ ಏರಿದರೆ ಇದು, ಇಳಿದರೆ ಅದು. ಸಂಶಯ ಬಂದರೆ ಹುಡುಗನನ್ನು ಕ್ಲಿನಿಕ್ಕಿಗೆ ಓಡಿಸಿ ಕೇಳಿಸುತ್ತಾರೆ.

ಈಗ ಆ ಚೀಟಿ ಬಸ್ಸು ಹತ್ತಿ ನಮ್ಮ ಬಳಿಗೆ ಬರಲಿ. ಡೊಂಬಿವಲಿಯ ಅಂಗಡಿಯವರಿಗೆ ಗದಗಿನ ಡಾಕ್ಟರ ಕೈಬರಹದ ಪರಿಚಯವಿಲ್ಲ. ಆ ಕಂಪನಿಯ ಮಾತ್ರೆ ಅವರ ಕಪಾಟಿನಲ್ಲಿ ಇಲ್ಲದೆಯೂ ಇರಬಹುದು. ಹುಡುಗನನ್ನು ಓಡಿಸೋಣವೆಂದರೆ ಕ್ಲಿನಿಕ್ ನೂರಾರು ಕಿಲೋಮೀಟರ್ ದೂರ. ಅಮ್ಮನಿಗೆ ಮರಾಠಿ ಬಾರದು, ತನಗೆ ಏನಾಗುತ್ತಿದೆ ಎಂದು ಅಂಗಡಿಯವರಿಗೆ ಹೇಳಲಾರಳು. ಊರು ಬಿಟ್ಟ ನಾವು ಏನೇನೋ ಕಳೆದುಕೊಂಡೆವು ಎಂದು ಪಟ್ಟಿ ಮಾಡುತ್ತೇವಲ್ಲ, ಡಾಕ್ಟರ ಕೈಬರಹ ಬಲ್ಲ ಆ ಅಂಗಡಿಯವರನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಅವರ ಜಾಗದಲ್ಲೇ ಈಗ ಮೊಬೈಲ್ ಬಂದು ಕುಳಿತಿದೆ.

*ಮನುಷ್ಯರೂ ತಪ್ಪು ಓದುತ್ತಾರೆ*

ಹಾಗೆಂದು ಅಂಗಡಿಯವರ ಓದು ವೇದವಾಕ್ಯವಲ್ಲ. ಬ್ರಿಟನ್ನಿನಲ್ಲಿ 1989ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ಒಂದು ಪ್ರಕರಣವಿದೆ. ಆಸ್ತಮಾ ಇದ್ದ ಒಬ್ಬರಿಗೆ ಎದೆಯ ಸೋಂಕು ಆಗಿತ್ತು. ಡಾಕ್ಟರು ಅಮಾಕ್ಸಿಲ್ ಎಂಬ ಆ್ಯಂಟಿಬಯಾಟಿಕ್ ಬರೆದರು. ಅಂಗಡಿಯವರು ಅದನ್ನು ಡಯೋನಿಲ್ ಎಂದು ಓದಿದರು. ಡಯೋನಿಲ್ ಸಕ್ಕರೆ ಕಾಯಿಲೆಯ ಮಾತ್ರೆ. ಸಕ್ಕರೆ ಕಾಯಿಲೆಯೇ ಇಲ್ಲದ ಮನುಷ್ಯ ಅದನ್ನು ನುಂಗಿ, ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದು, ಮಿದುಳಿಗೆ ಮತ್ತೆ ಸರಿಯಾಗದ ಹಾನಿಯಾಯಿತು.

ನ್ಯಾಯಾಲಯ ಡಾಕ್ಟರ ಮೇಲೆ ಶೇ. 25, ಅಂಗಡಿಯವರ ಮೇಲೆ ಶೇ. 75 ಹೊಣೆ ಹೊರಿಸಿತು. ಕೆಟ್ಟ ಅಕ್ಷರ ಬರೆದವರಿಗಿಂತ ಓದಿದವರಿಗೇ ಹೆಚ್ಚು ಹೊಣೆ ಏಕೆ? ಆ ಚೀಟಿಯಲ್ಲೇ ಉತ್ತರವಿತ್ತು. ಅದರಲ್ಲಿ 250 ಎಂ.ಜಿ. ಎಂದಿತ್ತು, ಡಯೋನಿಲ್ ಬರುವುದು 5 ಎಂ.ಜಿ.ಯಲ್ಲಿ. ದಿನಕ್ಕೆ ಮೂರು ಸಲ, ಒಟ್ಟು 21 ಮಾತ್ರೆ ಎಂದಿತ್ತು, ಸಕ್ಕರೆ ಕಾಯಿಲೆಗೆ ಹಾಗೆ ಒಂದು ವಾರಕ್ಕೆ ಯಾರೂ ಬರೆಯುವುದಿಲ್ಲ. ಇನ್ನೊಂದು ಸಂಗತಿ ಸ್ವಾರಸ್ಯಕರ: ಅಲ್ಲಿ ಸಕ್ಕರೆ ಕಾಯಿಲೆಯವರಿಗೆ ಔಷಧಿ ಪುಕ್ಕಟೆ, ಈ ಮನುಷ್ಯ ದುಡ್ಡು ಕೊಟ್ಟು ಕೊಂಡಿದ್ದರು. ಹೆಸರನ್ನು ಬಿಟ್ಟು ಉಳಿದುದೆಲ್ಲವೂ 'ಇದು ಡಯೋನಿಲ್ ಅಲ್ಲ' ಎಂದು ಹೇಳುತ್ತಿತ್ತು.

ಅಮೆರಿಕದ ಟೆಕ್ಸಸ್‌ನಲ್ಲೂ ಇಂಥದೇ ಆಯಿತು. 1995ರಲ್ಲಿ ಒಬ್ಬ ಹೃದಯತಜ್ಞರು 42 ವರ್ಷದ ರೋಗಿಗೆ ಎದೆನೋವಿಗಾಗಿ ಐಸಾರ್ಡಿಲ್ 20 ಎಂ.ಜಿ., ಆರು ಗಂಟೆಗೊಮ್ಮೆ ಎಂದು ಬರೆದರು. ಔಷಧಿ ಸರಿ, ಪ್ರಮಾಣ ಸರಿ, ಅಕ್ಷರ ಮಾತ್ರ ಸರಿಯಿಲ್ಲ. ಅಂಗಡಿಯಲ್ಲಿ ಅದು ಪ್ಲೆಂಡಿಲ್ ಎಂಬ ಬಿಪಿ ಮಾತ್ರೆಯಾಯಿತು. ಪ್ಲೆಂಡಿಲ್ ದಿನಕ್ಕೆ 10 ಎಂ.ಜಿ.ಗಿಂತ ಹೆಚ್ಚು ಕೊಡುವಂತಿಲ್ಲ, ರೋಗಿಗೆ ಹೋದದ್ದು ದಿನಕ್ಕೆ 80ರ ಲೆಕ್ಕದಲ್ಲಿ. ಹೃದಯಾಘಾತವಾಗಿ ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. 1999ರಲ್ಲಿ ಅಲ್ಲಿನ ಜ್ಯೂರಿ ನಾಲ್ಕೂವರೆ ಲಕ್ಷ ಡಾಲರ್ ಪರಿಹಾರ ಕೊಡಿಸಿತು, ಡಾಕ್ಟರಿಗೂ ಅಂಗಡಿಯವರಿಗೂ ಸಮಪಾಲು.

ಎರಡೂ ಕಡೆ ಹೆಸರಿನ ಬಾಲ ಒಂದೇ ತೆರನಾಗಿದೆ ನೋಡಿ. ಲೇಸಿಕ್ಸ್, ಲೋಸೆಕ್ ಎಂಬ ಎರಡು ಹೆಸರುಗಳು ಗೊಂದಲ ಮಾಡುತ್ತವೆಂದು 1990ರಲ್ಲಿ ಅಮೆರಿಕದಲ್ಲಿ ಲೋಸೆಕ್ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಬೇಕಾಯಿತು. ಒಂದು ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವುದು, ಇನ್ನೊಂದು ಹೊಟ್ಟೆಯ ಆಮ್ಲ ತಗ್ಗಿಸುವುದು.

*ಯಂತ್ರ ಓದುವ ಬಗೆ*

ಹಿಂದಿನ ಸಾಫ್ಟ್‌ವೇರ್ ಒಂದೊಂದು ಅಕ್ಷರವನ್ನು ಬಿಡಿಸಿ ಗುರುತಿಸಲು ನೋಡುತ್ತಿತ್ತು. ಕೂಡಿಸಿ ಬರೆದ ಅಕ್ಷರ ಬಂದರೆ ಎಡವುತ್ತಿತ್ತು. ಈಗಿನ ಎಐ ಇಡೀ ಸಾಲನ್ನು ಒಟ್ಟಿಗೆ ನೋಡಿ, ತಾನು ಕಲಿತ ಅಪಾರ ಮಾದರಿಗಳ ಬಲದಿಂದ, ಇಲ್ಲಿ ಯಾವ ಪದ ಇರುವ ಸಂಭವ ಹೆಚ್ಚು ಎಂದು ತೂಗುತ್ತದೆ. ಬಿಡಿಬಿಡಿಯಾಗಿ ಬರೆದ ಅಂಕಿಗಳನ್ನು ಓದುವುದರಲ್ಲಿ ಯಂತ್ರ ಮನುಷ್ಯರಿಗೆ ಸರಿಸಮವಾಗಿ ಎಷ್ಟೋ ವರ್ಷಗಳಾದವು. ಆದರೆ ಗೆರೆ ಅಸ್ಪಷ್ಟವಾದಷ್ಟೂ ಅದು ಕಣ್ಣಿಗಿಂತ ಊಹೆಯ ಮೇಲೆ ಹೆಚ್ಚು ನಿಲ್ಲುತ್ತದೆ, ಆಗ ತನಗೆ ಚಿರಪರಿಚಿತವಾದ ಹೆಸರಿನತ್ತ ವಾಲುತ್ತದೆ. ನಿಮ್ಮೂರ ಡಾಕ್ಟರು ಬರೆದದ್ದು ಅಷ್ಟಾಗಿ ಪ್ರಚಾರದಲ್ಲಿಲ್ಲದ ಕಂಪನಿಯ ಮಾತ್ರೆಯಾದರೆ, ಅದನ್ನು ಹೋಲುವ ಯಾವುದೋ ಪ್ರಸಿದ್ಧ ಹೆಸರು ಪಟ್ಟಿಯಲ್ಲಿ ಬಂದು ಕೂರಬಹುದು.

ಕೈಬರಹ ಓದುವ ಯಂತ್ರದ ದೊಡ್ಡ ಗೆಲುವು ಆಸ್ಪತ್ರೆಯಲ್ಲಿ ಆದದ್ದಲ್ಲ, ಅಂಚೆ ಇಲಾಖೆಯಲ್ಲಿ. ಅದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದ ಸರಗೂರು ಶ್ರೀಹರಿಯವರು ಬಫಲೋ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ತಂಡ, ಲಕೋಟೆಯ ಮೇಲೆ ಕೈಯಲ್ಲಿ ಬರೆದ ವಿಳಾಸ ಓದುವ ವ್ಯವಸ್ಥೆಯನ್ನು ರೂಪಿಸಿತು. 1990ರ ದಶಕದಲ್ಲಿ ಅಮೆರಿಕದ ಅಂಚೆ ಇಲಾಖೆ ಅದನ್ನು ಬಳಕೆಗೆ ತಂದಿತು. ಯಂತ್ರಕ್ಕೆ ಓದಲಾಗದ ಲಕೋಟೆಯ ಚಿತ್ರವನ್ನು ಕಂಪ್ಯೂಟರ್ ಮುಂದೆ ಕುಳಿತ ನೌಕರರು ನೋಡಿ ಓದುತ್ತಿದ್ದರು. 1997ರ ಹೊತ್ತಿಗೆ ಇಂಥ 55 ಕೇಂದ್ರಗಳಿದ್ದವು. ಯಂತ್ರ ಜಾಣವಾದಂತೆ ಒಂದೊಂದೇ ಮುಚ್ಚಿ, 2013ರ ನಂತರ ಉಳಿದದ್ದು ಸಾಲ್ಟ್ ಲೇಕ್ ಸಿಟಿಯದೊಂದೇ.

ಅಲ್ಲಿ ಅಷ್ಟು ಚೆನ್ನಾಗಿ ಆದದ್ದು ಇಲ್ಲಿ ಏಕೆ ಆಗುವುದಿಲ್ಲ? ವಿಳಾಸವೆಂದರೆ ಊರು, ಬೀದಿ, ಪಿನ್‌ಕೋಡ್ ಒಂದಕ್ಕೊಂದು ತಾಳೆಯಾಗಬೇಕು. ಒಂದನ್ನು ತಪ್ಪು ಓದಿದರೆ ಇನ್ನೊಂದು ಹಿಡಿದುಕೊಡುತ್ತದೆ. ಎರಡನೆಯದು ಇನ್ನೂ ಮುಖ್ಯ: ಅಂಚೆಯ ಯಂತ್ರಕ್ಕೆ 'ನನಗೆ ಓದಲಾಗಲಿಲ್ಲ' ಎಂದು ಹೇಳಿ ಮನುಷ್ಯರ ಕೈಗೆ ಕೊಡುವ ದಾರಿ ಇತ್ತು. ನಿಮ್ಮ ಮೊಬೈಲಿನ ಆ್ಯಪ್ ಹಾಗೆ ಸೋಲೊಪ್ಪುವುದು ಅಪರೂಪ. ಕೊನೆಯಲ್ಲಿ 'ವೈದ್ಯರನ್ನು ಸಂಪರ್ಕಿಸಿ' ಎಂದೊಂದು ಸಾಲು ಸೇರಿಸುತ್ತದೆ, ನಿಜ. ಆದರೆ ಸರಿ ಓದಿದಾಗಲೂ ಅದೇ ಸಾಲು, ತಪ್ಪು ಓದಿದಾಗಲೂ ಅದೇ ಸಾಲು. ಅದರಿಂದ ನಮಗೇನು ತಿಳಿದಂತಾಯಿತು?

2022ರ ಡಿಸೆಂಬರಿನಲ್ಲಿ ಗೂಗಲ್ ದೆಹಲಿಯ ತನ್ನ ಸಮಾರಂಭದಲ್ಲಿ, ಚೀಟಿಯ ಫೋಟೋ ತೆಗೆದರೆ ಔಷಧಿಗಳ ಹೆಸರು ಹೇಳುವ ತಂತ್ರಾಂಶವನ್ನು ಫಾರ್ಮಸಿಸ್ಟರ ಜೊತೆ ಸೇರಿ ಮಾಡುತ್ತಿರುವುದಾಗಿ ಪ್ರಕಟಿಸಿತು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆದರೆ ಇದು ಫಾರ್ಮಸಿಸ್ಟರಿಗೆ ನೆರವಾಗುವ ಸಾಧನ, ಇದರ ಉತ್ತರವೊಂದನ್ನೇ ನಂಬಿ ಯಾವ ತೀರ್ಮಾನವನ್ನೂ ಮಾಡುವುದಿಲ್ಲ ಎಂದು ಕಂಪನಿಯೇ ಹೇಳಿತ್ತು. ಆ ಮಾತನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

*ಒಂದು ಚುಕ್ಕೆಯ ಬೆಲೆ*

ಹೆಸರು ತಪ್ಪಿದರೆ ಎಷ್ಟೋ ಸಲ ಕಾಯಿಲೆಯೊಂದಿಗೆ ತಾಳೆ ನೋಡಿ ಹಿಡಿಯಬಹುದು. ಅಂಕಿ ತಪ್ಪಿದರೆ ಕಷ್ಟ. ನಮ್ಮ ಮನೆಗಳಲ್ಲಿ ಥೈರಾಯ್ಡ್ ಮಾತ್ರೆ ನುಂಗುವ ಹೆಂಗಸರು ಎಷ್ಟು ಜನ! ಆ ಮಾತ್ರೆ 12.5 ಮೈಕ್ರೋಗ್ರಾಂನಲ್ಲೂ ಬರುತ್ತದೆ, 125ರಲ್ಲೂ ಬರುತ್ತದೆ. ನಡುವೆ ಇರುವುದು ಒಂದು ಚುಕ್ಕೆ. ಫೋಟೋದಲ್ಲಿ ಅದು ಮಾಸಿಹೋದರೆ ಮೊಬೈಲ್ 125 ಎನ್ನುತ್ತದೆ. ಅಂಗಡಿಯವರು ಹುಡುಕಿದರೆ 125 ಸಿಕ್ಕಿಯೂ ಸಿಗುತ್ತದೆ. ಹೆಸರು ಸರಿ, ಕಾಯಿಲೆ ಸರಿ, ಕಪಾಟಿನಲ್ಲಿ ಮಾತ್ರೆಯೂ ಇದೆ, ಯಾರಿಗೂ ಸಂಶಯ ಬರುವುದಿಲ್ಲ. ಹತ್ತು ಪಟ್ಟು ಹೆಚ್ಚು ಥೈರಾಯ್ಡ್ ಮಾತ್ರೆ ತಿಂದ ವಯಸ್ಸಾದವರಿಗೆ ಎದೆ ಡವಡವ, ಕೈನಡುಕ, ನಿದ್ದೆಗೇಡು ಶುರುವಾಗುತ್ತದೆ. ಹೃದಯದ ತೊಂದರೆ ಮೊದಲೇ ಇದ್ದವರಿಗೆ ಅದು ಅಪಾಯ.

ಇನ್ಸುಲಿನ್ ಬರೆಯುವಾಗ ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ಒಂದೇ ಅಕ್ಷರ 'ಯು' ಹಾಕುವ ರೂಢಿಯಿದೆ. ಅವಸರದಲ್ಲಿ ಬರೆದ 'ಯು' ಬಾಯಿ ಮುಚ್ಚಿಕೊಂಡರೆ ಸೊನ್ನೆ. 10 ಯೂನಿಟ್ ಹೋಗಿ 100 ಆಯಿತು. ಔಷಧಿ ಸುರಕ್ಷತೆಯ ತಜ್ಞರು ಈ ಒಂಟಿ 'ಯು' ಬರೆಯಲೇಬೇಡಿ ಎಂದು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಪೂರ್ಣಾಂಕದ ಮುಂದೆ ಚುಕ್ಕೆ-ಸೊನ್ನೆ ಹಾಕಬೇಡಿ, 1.0 ಎಂದರೆ 10 ಆಗುತ್ತದೆ ಎಂಬುದೂ ಅದೇ ಪಟ್ಟಿಯಲ್ಲಿದೆ. ಹಾಗೆಯೇ ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಔಷಧಿ. ಅದನ್ನು ದಿನವೂ ಎಂದು ಓದಿಕೊಂಡರೆ ಜೀವಕ್ಕೇ ಕುತ್ತು.

ಕಾನೂನಿನಲ್ಲಿ ಇದಕ್ಕೆ ಮದ್ದಿಲ್ಲವೇ ಎಂದರೆ ಇದೆ. ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತು. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಓದಲು ಬರುವ ಚೀಟಿ ಪಡೆಯುವುದು ರೋಗಿಯ ಮೂಲಭೂತ ಹಕ್ಕಿನ ಭಾಗ ಎಂದಿತು. ಎದುರಿಗೆ ಇಪ್ಪತ್ತು ಜನ ಕಾದಿರುವಾಗ ಡಾಕ್ಟರ ಪೆನ್ನು ಓಡುವುದು ಮಾತ್ರ ಇನ್ನೂ ಹಾಗೆಯೇ ಇದೆ.

*ನಾವು ಏನು ಮಾಡಬಹುದು?*

ಮೊದಲ ಕೆಲಸ ಊರಿನಲ್ಲೇ ಆಗಬೇಕು, ಡಾಕ್ಟರ ಕೋಣೆಯಿಂದ ಎದ್ದು ಬರುವ ಮುಂಚೆ. 'ಡಾಕ್ಟ್ರೇ, ಈ ಮಾತ್ರೆ ಮುಂಬೈನಲ್ಲಿ ತಗೋಬೇಕು, ಅಲ್ಲಿಯವರಿಗೆ ಅರ್ಥವಾಗೋ ಹಾಗೆ ದಪ್ಪ ಅಕ್ಷರದಲ್ಲಿ ಬರೆದುಕೊಡಿ' ಎಂದರೆ ಬೇಸರಪಡುವ ಡಾಕ್ಟರು ಕಡಿಮೆ. ಅಕ್ಷರ ಚೆನ್ನಾಗಿಲ್ಲ ಎಂದು ಹೇಳಿದಂತೆಯೂ ಆಗುವುದಿಲ್ಲ. ಪ್ರತಿ ಮಾತ್ರೆ ಯಾತಕ್ಕೆ ಎಂದು ಕೇಳಿ, ಚೀಟಿಯ ಹಿಂಬದಿಯಲ್ಲಿ ನಿಮ್ಮ ಕೈಯಾರೆ ಕನ್ನಡದಲ್ಲಿ ಬರೆದುಕೊಳ್ಳಿ: 'ಮೊದಲನೆಯದು ಬಿಪಿಗೆ, ಎರಡನೆಯದು ಮಂಡಿನೋವಿಗೆ.' ಬ್ರಿಟನ್ನಿನ ಆ ರೋಗಿಯ ಚೀಟಿಯಲ್ಲಿ 'ಎದೆಯ ಸೋಂಕಿಗೆ' ಎಂದು ಒಂದು ಮಾತು ಇದ್ದಿದ್ದರೆ ಅಂಗಡಿಯವರು ಡಯೋನಿಲ್ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ.

ಎರಡನೆಯದು, ಮೊದಲ ಸಲದ ಔಷಧಿಯನ್ನು ಕ್ಲಿನಿಕ್ಕಿನ ಪಕ್ಕದ ಅಂಗಡಿಯಲ್ಲೇ ಕೊಂಡು ಬಿಲ್ ಕೇಳಿ ಪಡೆಯಿರಿ. ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಆ ಬಿಲ್ ಎಂದರೆ ಡಾಕ್ಟರ ಕೈಬರಹ ಬಲ್ಲವರು ಚೀಟಿಯನ್ನು ಓದಿ, ಕಂಪ್ಯೂಟರಿನಲ್ಲಿ ಅಚ್ಚು ಮಾಡಿ ಕೊಟ್ಟ ಪ್ರತಿ. ಗ್ರೂಪಿಗೆ ಚೀಟಿಯ ಜೊತೆ ಬಿಲ್ ಮತ್ತು ಸ್ಟ್ರಿಪ್ಪಿನ ಫೋಟೋ ಹಾಕಿ. ಅಚ್ಚಿನ ಅಕ್ಷರ ಓದುವುದರಲ್ಲಿ ಮೊಬೈಲ್ ನಿಜಕ್ಕೂ ಗಟ್ಟಿಗ. ಅಂಗಡಿಯವರು ಅರ್ಧ ಸ್ಟ್ರಿಪ್ ಕತ್ತರಿಸಿ ಕೊಡುವುದಾದರೆ ಹೆಸರು, ಎಂ.ಜಿ., ಎಕ್ಸ್‌ಪೈರಿ ತಾರೀಖು ಇರುವ ತುಂಡನ್ನೇ ಕೇಳಿ. ಮನೆಯಲ್ಲೂ ಆ ತುದಿಯ ಮಾತ್ರೆಯನ್ನು ಕಡೆಗೆ ತೆಗೆಯಿರಿ.

ಅದೂ ಸಾಧ್ಯವಾಗದೆ ಬರೀ ಚೀಟಿಯೇ ಕೈಗೆ ಬಂದಿದೆ ಎನ್ನಿ. ಫೋಟೋವನ್ನು ಹಗಲು ಬೆಳಕಿನಲ್ಲಿ, ಚೀಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ನೇರ ಮೇಲಿನಿಂದ ತೆಗೆಯಲು ಹೇಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಚುಕ್ಕೆಗಳು ಮಾಯವಾಗುವುದು ಅಲ್ಲಿಯೇ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆಯೇ ಬರುತ್ತದೆ. ಎಐ ಆ್ಯಪಿಗೆ ಕೊಡುವ ಮುಂಚೆ ರೋಗಿಯ ಹೆಸರು, ಫೋನ್ ನಂಬರ್ ಮರೆಮಾಡಿ. ವಯಸ್ಸು ಇರಲಿ.

ಕೇಳುವಾಗ ಸುಳಿವು ಕೊಡಬೇಡಿ. 'ಇದು ಬಿಪಿ ಮಾತ್ರೆ ತಾನೇ?' ಎಂದರೆ ಅದು ಹೌದೆನ್ನುವತ್ತ ವಾಲುತ್ತದೆ. 'ಸಾಲು ಸಾಲಾಗಿ ಏನು ಕಾಣುತ್ತದೋ ಬರೆ, ಖಚಿತವಿಲ್ಲದ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕು, ಇನ್ನಾವ ಹೆಸರಾಗಿರಬಹುದು ಎಂಬುದನ್ನೂ ಹೇಳು' ಎಂದು ಕೇಳಿ. ಸ್ವಲ್ಪ ಹೊತ್ತು ಬಿಟ್ಟು, ಹೊಸ ಫೋಟೋ ಕೊಟ್ಟು, ಮೊದಲಿನಿಂದ ಇನ್ನೊಮ್ಮೆ ಕೇಳಿ. ಎರಡು ಸಲ ಎರಡು ಉತ್ತರ ಬಂದರೆ ಆ ಸಾಲನ್ನು ಓದಲಾಗಿಲ್ಲ ಎಂದೇ ತಿಳಿಯಿರಿ. ಒಂದೇ ಉತ್ತರ ಬಂದರೆ ಅದನ್ನು ಹಿಡಿದು ಹತ್ತಿರದ ಫಾರ್ಮಸಿಸ್ಟರ ಬಳಿ ಹೋಗಿ. ಆದರೆ ಮೊದಲೇ ಉತ್ತರ ಹೇಳಿಬಿಡಬೇಡಿ, ಚೀಟಿ ಮಾತ್ರ ತೋರಿಸಿ, ಅವರು ತಾವಾಗಿ ಓದಲಿ. ಆಮೇಲೆ ಎರಡನ್ನೂ ತಾಳೆ ನೋಡಿ: ಹೆಸರು ಒಂದೇ ಆಗಿದೆಯೇ, ಅಷ್ಟು ಎಂ.ಜಿ.ಯಲ್ಲಿ ಆ ಮಾತ್ರೆ ಬರುತ್ತದೆಯೇ, ಅಮ್ಮನಿಗೆ ಆ ಕಾಯಿಲೆ ಇದೆಯೇ.

ಸಕ್ಕರೆ ಕಾಯಿಲೆ, ಹೃದಯ, ರಕ್ತ ತೆಳುಮಾಡುವ ಔಷಧಿ, ಥೈರಾಯ್ಡ್, ಮೂರ್ಛೆರೋಗ, ಮೆಥೊಟ್ರೆಕ್ಸೇಟ್, ಮತ್ತು ಮಕ್ಕಳ ಯಾವುದೇ ಔಷಧಿಯಲ್ಲಿ ಇಷ್ಟು ತಾಳೆಯೂ ಸಾಲದು. ಬರೆದ ಡಾಕ್ಟರನ್ನೇ ಕೇಳಬೇಕು. ಅಲ್ಲಿಯವರೆಗೆ ಹಳೆಯ ಮಾತ್ರೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದನ್ನೂ ಅವರನ್ನೇ ಕೇಳಿ. ಹೊಸ ಮಾತ್ರೆ ಶುರುಮಾಡಿದ ದಿನ ಮೈ ಬೆವರುವುದು, ನಡುಕ, ತಲೆ ಸುತ್ತು, ಮಾತು ತೊದಲುವುದು, ಎಬ್ಬಿಸಿದರೂ ಏಳದ ಮಂಪರು ಕಂಡರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದು ನುಂಗಲು ಆಗುವುದಾದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಚೀಟಿ ಮತ್ತು ಸ್ಟ್ರಿಪ್ ಎರಡೂ ಜೊತೆಗಿರಲಿ.

ಡಾಕ್ಟರಿಗೆ ಫೋನ್ ಮಾಡುವುದೆಂದರೆ ನಮಗೆ ಸಂಕೋಚ. ಕ್ಲಿನಿಕ್ಕಿನ ನಂಬರ್ ಚೀಟಿಯ ಮೇಲೆಯೇ ಇರುತ್ತದೆ. ಅವರು ಸಿಗದಿದ್ದರೆ ಪಕ್ಕದ ಮೆಡಿಕಲ್ ಶಾಪಿನ ನಂಬರ್ ಬಿಲ್ಲಿನ ಮೇಲೆ ಸಿಗುತ್ತದೆ, ಡಾಕ್ಟರಿಂದ ಕೇಳಿಸಿ ಹೇಳುವವರು ಅವರೇ. ಫೋನಿನಲ್ಲಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿಸಿ ಬರೆದುಕೊಂಡು ತಿರುಗಿ ಓದಿ ಒಪ್ಪಿಸಿ. ಅಂಕಿಗಳನ್ನು ಮಾತ್ರ ಕನ್ನಡದಲ್ಲೇ ಕೇಳಿ. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಹದಿನೈದು ಮತ್ತು ಐವತ್ತು ಹಾಗೆ ಕೇಳಿಸುವುದಿಲ್ಲ.